ಕಬ್ಬಿಣದ ಸಿನಿಮಾಕ್ಕೆ ಅತ್ತವರು ಯಾರು?

ಅಳುವ ವಿಷಯದಲ್ಲಿ ನನಗೆ ನಮ್ಮ ಓಣಿಯಲ್ಲಿ ಒಳ್ಳೆಯ ಹೆಸರಿಲ್ಲ. ಸಾವಿನ ಮನೆಗೆ ಹೋದರೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಅಳುತ್ತಾರೆ; ನಾನು ಹೆಣಕ್ಕೆ ಕೈ ಮುಗಿದು, ನೀರು ಕಾಯಿಸಲು ಒಲೆ ಹೊತ್ತಿಸಿದ್ದಾರೋ ಇಲ್ಲವೋ ಎಂದು ನೋಡಲು ಹಿತ್ತಲಿಗೆ ಹೋಗುತ್ತೇನೆ. ನನ್ನ ಗಂಡ ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಒಂದು ದಿನ ಚೀಲ ಹೊತ್ತವರು ಹೊತ್ತ ಹಾಗೆಯೇ ಕುಸಿದರು. ಅವರ ಹಿಂದೆಯೇ ಅವರ ಬುತ್ತಿಯ ಗಂಟೂ ಮನೆಗೆ ಬಂತು, ಬೆಳಿಗ್ಗೆ ನಾನು ಕಟ್ಟಿಕೊಟ್ಟಿದ್ದ ಹಾಗೆಯೇ, ಬಿಚ್ಚದೆ. ನಾನು ಎದೆ ಬಡಿದುಕೊಳ್ಳುತ್ತೇನೆಂದು ಮಂದಿ ಕಾಯುತ್ತಿದ್ದರೆ, ನಾನು ಆ ಗಂಟು ಬಿಚ್ಚಿ ರೊಟ್ಟಿಯನ್ನು ಎಮ್ಮೆಗೆ ಹಾಕಿ ಬಂದೆ. "ಕಲ್ಲಿನಂಥಾ ಹೆಂಗಸು" ಅಂದರು. ಅನ್ನಲಿ. ನಲವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳ ಕಣ್ಣೀರೆಲ್ಲ ದಿನಾ ಕೆಲಸಕ್ಕೇ ಹೋಗುತ್ತದೆ; ಮನೆಯ ಬಳಕೆಗೆ ಉಳಿಯುವುದಿಲ್ಲ.

ತೊಟ್ಟು ಬಿಡಿಸುವವರ ಚೀಲದಲ್ಲಿ ಯಾವಾಗಲೂ ಎರಡು ವಸ್ತ್ರ ಇರುತ್ತವೆ. ಒಂದು ಮೂಗಿಗೆ ಕಟ್ಟಿಕೊಳ್ಳುವುದು, ಇನ್ನೊಂದು ಒಗೆದು ಮಡಿಚಿಟ್ಟದ್ದು, ಮುಖ ಒರೆಸುವುದಕ್ಕೆ. ಇವೆರಡನ್ನೂ ನಾವು ಒಂದಕ್ಕೊಂದು ತಾಗಿಸುವುದಿಲ್ಲ. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ. ಆದರೆ ಈಚೆಗೆ ಯಾರ್ಡಿಗೆ ಹೊರಗಿನ ಖಾರದ ಜಾತಿಗಳೂ ಬರುತ್ತವೆ, ಎರಡನ್ನೂ ಬಿಡಿಸುತ್ತೇವೆ. ಹಾಗಾಗಿ ನನ್ನ ಮೂಗಿನ ವಸ್ತ್ರದಲ್ಲಿ ಬಣ್ಣ ನಮ್ಮೂರಿನದು, ಉರಿ ಪರವೂರಿನದು. ಈ ವಸ್ತ್ರದಿಂದಲೇ ನನ್ನ ಮೊಮ್ಮಗಳ ಮದುವೆ ಮುರಿದುಬೀಳುವುದರಲ್ಲಿತ್ತು ಎಂದು ಹೇಳಿದರೆ ನೀವು ನಂಬುವುದಿಲ್ಲ. ನಂಬಬೇಕಾದರೆ ಮೊದಲಿನಿಂದ ಕೇಳಬೇಕು.

ಮೊಮ್ಮಗಳು ಶಿಲ್ಪಾ, ನಮ್ಮೂರ ಕೋಲ್ಡ್ ಸ್ಟೋರೇಜೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಮೂರು ಗಂಡುಗಳನ್ನು ಬೇಡ ಅಂದವಳು. ಒಬ್ಬ ಮಾತೇ ಆಡಲಿಲ್ಲವಂತೆ, ಇನ್ನೊಬ್ಬ ಬರೀ ತನ್ನ ಮಾತೇ ಆಡಿದನಂತೆ, ಮೂರನೆಯವನು ಏನು ಮಾಡಿದನೋ ನೆನಪಿಲ್ಲ. ನಾಲ್ಕನೆಯದು ನಾನು ತಂದ ಸಂಬಂಧ. ಹಾವೇರಿಯ ಹುಡುಗ ಮಲ್ಲಿಕಾರ್ಜುನ, ಜೆಸಿಬಿ ರಿಪೇರಿಯ ಸ್ವಂತ ಅಂಗಡಿ. ಹೆಣ್ಣು ನೋಡಲು ಬಂದ ದಿನ ಇಬ್ಬರನ್ನೂ ಹಿಂದಿನ ಪಡಸಾಲೆಯಲ್ಲಿ ಕೂರಿಸಿ, ಕಾವಲಿಗೆ ನಾನು ಅವರೆಕಾಯಿ ಸುಲಿಯುತ್ತಾ ಕುಳಿತೆ. ಅರ್ಧ ಬುಟ್ಟಿ ಸುಲಿದರೂ ಇಬ್ಬರ ಬಾಯಲ್ಲೂ ಮಾತಿಲ್ಲ. ಇದೂ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಅವನ ಬೈಕಿನ ಕೀಲಿಗೆ ತೂಗುಹಾಕಿದ್ದ ಒಂದು ಸಣ್ಣ ಕಬ್ಬಿಣದ ಗೊಂಬೆಯನ್ನು ಇವಳು ನೋಡಿದಳು. "ಅಯ್ಯ, ಇದು ಎರಡನೇ ಭಾಗದಾಗಿನ ರೋಬೋಟಲ್ಲ?" ಅಂದಳು. ಆಮೇಲೆ ಅವರಿಬ್ಬರ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಗುಡ್ಡದಷ್ಟು ಎತ್ತರದ ರೋಬೋಟುಗಳು ಹೊಡೆದಾಡುವ ಸಿನಿಮಾ ಎಂದರೆ ಇಬ್ಬರಿಗೂ ಜೀವ. ಗಂಡಿನವರು ಎದ್ದು ಹೋಗುವ ಮುಂಚೆಯೇ ಇವಳು ನನ್ನ ಕಿವಿಯಲ್ಲಿ "ಹೂಂ ಅನ್ನು ಆಯಿ" ಅಂದಳು. ಮುಂದಿನ ಶುಕ್ರವಾರ ನಮ್ಮ ಮನೆಯಲ್ಲಿ ಕುಂಕುಮ ಹಚ್ಚಿ ಮದುವೆ ನಿಶ್ಚಯಿಸುವ ಶಾಸ್ತ್ರ ಎಂದು ಗೊತ್ತುಮಾಡಿದರು.

ಅದೇ ಹೊತ್ತಿಗೆ ಆ ಸಿನಿಮಾದ ಮೂರನೇ ಭಾಗ ರಾಣೆಬೆನ್ನೂರಿಗೆ ಬರಬೇಕೆ? ಇಬ್ಬರೂ ಕೂಡಿ ನೋಡಬೇಕೆಂದು ಹಟ. ಕುಂಕುಮ ಹಚ್ಚುವ ಮುಂಚೆ ಇಬ್ಬರನ್ನೇ ಕಳಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಜೊತೆಗೆ ನಾನು ಹೋಗಬೇಕು, ಹೋಗುವುದಷ್ಟೇ ಅಲ್ಲ, ನಡುವಿನ ಕುರ್ಚಿಯಲ್ಲಿ ಕೂರಬೇಕು ಎಂದು ಎರಡೂ ಮನೆಯವರು ಮಾತಾಡಿಕೊಂಡರು. ಸೋಮವಾರ ಬೆಳಿಗ್ಗೆ ಅರ್ಧ ದಿನ ತೊಟ್ಟು ಬಿಡಿಸಿ, ಸೀರೆ ಬದಲಿಸಿ, ಚೀಲ ಬದಲಿಸದೆ ಬಸ್ಸು ಹತ್ತಿದೆ. ತಪ್ಪು ಅಲ್ಲಿಂದಲೇ ಶುರು.

ಸಿನಿಮಾ ಬಗ್ಗೆ ಎರಡು ಮಾತು ಹೇಳಬೇಕು. ಹಡಗು ಕಟ್ಟುವ ಕ್ರೇನುಗಳನ್ನೆಲ್ಲ ಜೋಡಿಸಿ ಮಾಡಿದ ಒಂದು ರೋಬೋಟು, ಅದಕ್ಕೆ ಎದುರಾಗಿ ಗುಡ್ಡದೊಳಗಿಂದ ಎದ್ದು ಬಂದ ಇನ್ನೊಂದು. ಮೊದಲನೆಯದರ ಎದೆಗೂಡಿನಲ್ಲಿ ಮನುಷ್ಯರು ಕುಳಿತು ಅದನ್ನು ನಡೆಸುತ್ತಾರೆ. ಒಬ್ಬಳು ಇಂಜಿನಿಯರು, ಇನ್ನೊಬ್ಬ, ಅವಳಿಗೆ ಊಟ ಕೊಡಲು ಹತ್ತಿ ಹೋದವನು ಇಳಿಯುವಷ್ಟರಲ್ಲಿ ಬಾಗಿಲು ಮುಚ್ಚಿ ಒಳಗೇ ಸಿಕ್ಕಿಕೊಂಡ ಅಡುಗೆಯವನು. ಈ ಅಡುಗೆಯವನು ಕೈಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ಸಿನಿಮಾ ಪೂರ್ತಿ ಚೇಷ್ಟೆ ಮಾಡುತ್ತಾನೆ. ಕನ್ನಡ ಮಾತು ಕೂರಿಸಿದ್ದರು, ಅದೂ ಬೆಂಗಳೂರು ಕಡೆಯದು. ಆದರೂ ನಗು ಬಂತು. ಶಿಲ್ಪಾ ನನ್ನ ಎಡಕ್ಕೆ ಕುಳಿತು ಹೊಟ್ಟೆ ಹಿಡಿದು ನಗುತ್ತಿದ್ದರೆ, ಬಲಕ್ಕೆ ಕುಳಿತ ಮಲ್ಲಿಕಾರ್ಜುನ ಪ್ರತಿ ನಗುವಿಗೂ "ತ್ಚ್" ಅನ್ನುತ್ತಿದ್ದ. ನನ್ನ ಎಡಗಿವಿಯಲ್ಲಿ ನಗು, ಬಲಗಿವಿಯಲ್ಲಿ "ತ್ಚ್". ಹಿಂದಿನ ಸಾಲಿನ ಹುಡುಗರು ರೋಬೋಟು ಬಂದಾಗ ಸೀಟಿ ಹೊಡೆದು, ಮನುಷ್ಯರು ಬಂದಾಗ ಎದ್ದು ಹೊರಗೆ ಹೋಗುತ್ತಿದ್ದರು.

ಇಂಟರ್‌ವಲ್ಲಿನಲ್ಲಿ ಚುರುಮುರಿ ತಿನ್ನುತ್ತಾ ಶುರುವಾಯಿತು.

"ಹೈಡ್ರಾಲಿಕ್ ಪೈಪ್ ಒಡದು ಎಣ್ಣಿ ಸುರಿಯಾಕತ್ತೈತಿ, ಆ ಮಷೀನಿನ ಜೀವ ಹೋಗಾಕತ್ತೈತಿ, ಅಂಥಾದ್ರಾಗ ಇಂವಾ ಉಪ್ಪಿಟ್ಟಿನ ಜೋಕ್ ಹೊಡಿತಾನ! ನಾ ಏನ ಖಾನಾವಳಿಗೆ ಬಂದೇನೇನ?" ಅಂದ ಅವನು.

"ಒಳಗ ಮಂದಿ ಇಲ್ಲಂದ್ರ ಆ ಮಷೀನ್ ಇದ್ರೆಷ್ಟು ಬಿದ್ರೆಷ್ಟು? ನಿಮ್ಮ ಅಂಗಡಿ ಮುಂದ ದಿನಾ ನಾಕ್ ಜೆಸಿಬಿ ಕೆಟ್ಟು ಬಿದ್ದಿರ್ತಾವ, ಯಾರರ ಅಳ್ತಾರೇನ?" ಅಂದಳು ಇವಳು.

"ಮಾಲಕ ಅಳ್ತಾನ."

"ಹಾಂ! ಮಾಲಕ ಅಂದ್ರ ಮನಿಶ್ಯಾನ ಅಲ್ಲ?"

ಅವನು ಒಂದು ಮುಷ್ಟಿ ಚುರುಮುರಿ ಬಾಯಿಗೆ ಹಾಕಿಕೊಂಡ. ಮುಖ ಬಿಗಿಯಿತು. ನಾನು ನಡುವೆ ಗೋಡೆಯ ಹಾಗೆ ಕುಳಿತಿದ್ದೆ. ಗೋಡೆಗೆ ಇರುವಷ್ಟೇ ಬಾಯಿ ನನಗೂ ಇದ್ದಿದ್ದರೆ ಚೆನ್ನಾಗಿತ್ತು. "ನೋಡಾಕ ಬಂದೀರೋ, ಜಗಳಾಡಾಕ ಬಂದೀರೋ?" ಅಂದುಬಿಟ್ಟೆ. ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ತಿರುಗಿಸಿ ಕುಳಿತರು.

ಕಡೆಗೆ ಅಡುಗೆಯವನ ಘಟ್ಟ ಬಂತು. ರೋಬೋಟು ಸಮುದ್ರದಲ್ಲಿ ಮುಳುಗುತ್ತಿದೆ. ಒಂದು ಹಿಡಿಕೆಯನ್ನು ಯಾರಾದರೂ ಒಳಗೇ ಉಳಿದು ಒತ್ತಿ ಹಿಡಿಯಬೇಕು. ಇಂಜಿನಿಯರಮ್ಮನನ್ನು ಹೊರಗೆ ದಬ್ಬಿ, ಅಡುಗೆಯವನೇ ಉಳಿದ. ಆ ಹೊತ್ತಿಗೆ ಸರಿಯಾಗಿ ಮಲ್ಲಿಕಾರ್ಜುನ ನನ್ನ ಕಡೆ ಬಾಗಿ, "ಆಯಿ, ಕೈಗೆಲ್ಲ ಚುರುಮುರಿ ಎಣ್ಣಿ ಹತ್ತೇತಿ, ಒರಿಸ್ಕೊಳ್ಳಾಕ ಏನರ ಐತೇನ್ರಿ?" ಅಂತ ಕೇಳಿದ. ನಾನು ಚೀಲಕ್ಕೆ ಕೈ ಹಾಕಿ, ಸಿಕ್ಕ ವಸ್ತ್ರವನ್ನು ಕೊಟ್ಟೆ. ಅವನು ಕೈಯನ್ನೂ ಒರೆಸಿಕೊಂಡ, ಸೆಕೆಗೆ ಮುಖವನ್ನೂ ಒರೆಸಿಕೊಂಡ.

ದೀಪ ಹತ್ತಿದಾಗ ನೋಡುತ್ತೇನೆ, ಗಂಡಿನ ಕಣ್ಣಿನಿಂದ ಧಾರೆ ಇಳಿಯುತ್ತಿದೆ. ಮೂಗು, ಕೆನ್ನೆ, ಅಂಗಿಯ ಕೊರಳಪಟ್ಟಿ ಎಲ್ಲ ಕೆಂಪು. ಆ ಕೆಂಪನ್ನು ನಾನು ಗುರುತಿಸದೆ ಇನ್ನಾರು ಗುರುತಿಸಬೇಕು? ಶಿಲ್ಪಾಳೂ ನೋಡಿದಳು. ಆದರೆ ಅವಳ ಮುಖ ಒಮ್ಮೆಲೇ ಮೆತ್ತಗಾಯಿತು. ಹುಟ್ಟಿದಾಗಿನಿಂದ ನೋಡಿದ್ದೇನೆ, ಅಷ್ಟು ಮೆತ್ತಗಿನ ಮುಖ ಆ ಹುಡುಗಿಯದು ನೋಡಿರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಸರಿಯಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇವಳು ನಗುತ್ತಾ, "ಈಗ ಒಪ್ಪಿಕೊಳ್ರಿ, ಮಂದಿ ಇರಬೇಕು ಪಿಚ್ಚರಿನ್ಯಾಗ" ಅಂದಳು. ಅವನಿಗೆ ಕಣ್ಣು ಉರಿ, ಮನಸ್ಸೂ ಉರಿ. "ಆ ಅಡಗಿಯಂವ ಸತ್ತದ್ದು ಭಾಳ ಚಲೋ ಆತು. ಮೊದಲನೇ ಹತ್ತ ನಿಮಿಷದಾಗ ಸತ್ತಿದ್ರ ಇನ್ನೂ ಚಲೋ ಇತ್ತು" ಅಂದ. ಅದೇ ಆಟ ನೋಡಿ ಬಂದು ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಕಾಲೇಜು ಹುಡುಗರು "ಅಣ್ಣಾ ಹೇಳೂದು ಖರೇ ಐತಿ" ಎಂದು ತಾವಾಗಿಯೇ ಸೇರಿಕೊಂಡರು. ಮಕ್ಕಳನ್ನು ಕರೆದುಕೊಂಡು ಬಂದಿದ್ದ ಬುರ್ಖಾ ತೊಟ್ಟ ಒಬ್ಬ ಹೆಣ್ಣುಮಗಳು ತಿರುಗಿ, "ಅಯ್ಯ ತಮ್ಮಾ, ಅಂವಾ ಇಲ್ಲಂದ್ರ ಮತ್ತ ಏನೈತಿ ಅದರಾಗ? ಬರೇ ಗುಜರಿ ಅಂಗಡಿ ಸಪ್ಪಳ! ನನ್ನ ಮಕ್ಕಳು ನಕ್ಕಿದ್ದ ಅವನ ಸಲುವಾಗಿ" ಅಂದಳು. ಪರ ವಿರುದ್ಧ ಎರಡು ಗುಂಪೇ ಆಯಿತು. ಒಬ್ಬ ಕಂಡಕ್ಟರು ಕೂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಅಷ್ಟು ಮಂದಿಯ ನಡುವೆ ಶಿಲ್ಪಾ ಅಂದಳು: "ಅಂವಾ ಸತ್ತದ್ದಕ್ಕ ನೀವ ಅತ್ತೀರಿ. ಈಗ ಚಲೋ ಆತು ಅಂತೀರಿ?"

"ಯಾರ ಅತ್ತಾರ? ಕಣ್ಣಾಗ ಏನೋ ಬಿತ್ತು."

"ಒಳಗ ಕುಂತವರ ಕಣ್ಣಾಗ ಏನ ಬೀಳತೈತಿ? ಎರಡೂ ಕಣ್ಣಾಗ?"

ಕಾಲೇಜು ಹುಡುಗರು ಹೋ ಎಂದು ನಕ್ಕರು. ಅವನು ನನ್ನ ಕಡೆ ಒಂದು ಸಲ ನೋಡಿದ. ಏನೋ ಹೇಳುತ್ತಾನೆ ಎಂದುಕೊಂಡೆ. "ನನ್ನ ಬಸ್ ಬಂತು" ಎಂದು ಹಾವೇರಿ ಬಸ್ಸು ಹತ್ತಿದ. ತಿರುಗಿ ನೋಡಲಿಲ್ಲ.

ಕಂಡದ್ದನ್ನು ಕಂಡ ಹಾಗೆ ಹೇಳುವವಳು ಎಂದು ಊರೆಲ್ಲ ನನಗೆ ಹೆದರುತ್ತದೆ. ಆ ದಿನ ಮಾತ್ರ ಬಾಯಿಗೆ ಬೀಗ ಬಿತ್ತು. ಬ್ಯಾಡಗಿ ಬಸ್ಸಿನಲ್ಲಿ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಶಿಲ್ಪಾಳೇ ಅಂದಳು: "ಆಯಿ, ಅವರು ಅತ್ತಿದ್ದು ನನಗ ಭಾಳ ಸೇರಿತು. ಇಂಥಾ ಮನಿಶ್ಯಾನ ಜೋಡಿ ಬಾಳೇ ಮಾಡಬಹುದು ಅನಿಸ್ತು. ಆದ್ರ ಅತ್ತದ್ದಕ್ಕ ನಾಚಿಕಿ ಆಗಿ ಸುಳ್ಳ ಹೇಳಿದ್ರು ನೋಡು. ನಾಳೆ ಇನ್ನ ಯಾವ್ಯಾವುದಕ್ಕ ನಾಚಿಕಿ ಆಗಿ ಏನೇನ ಸುಳ್ಳ ಹೇಳ್ತಾರೋ. ಸುಳ್ಳ ಹೇಳಾವ ನನಗ ಬ್ಯಾಡ."

ನನ್ನ ಪೇಚಾಟ ನೋಡಿ. ನಿಜ ಹೇಳಿದರೆ ಗಂಡು ಸುಳ್ಳುಗಾರನಲ್ಲ ಎಂದಾಗುತ್ತದೆ. ಆದರೆ ಅವನು ಅಳಲೂ ಇಲ್ಲ ಎಂದಾಗುತ್ತದೆ. ಇವಳು ಮೆಚ್ಚಿದ್ದೇ ಆ ಕಣ್ಣೀರನ್ನು. ಸುಮ್ಮನಿದ್ದರೆ ಕಣ್ಣೀರು ಉಳಿಯುತ್ತದೆ, ಗಂಡು ಹೋಗುತ್ತಾನೆ. ಯಾವ ಕಡೆ ಹೋದರೂ ಹಳ್ಳ, ತೋಡಿದವಳು ನಾನು.

ಮರುದಿನ ಅವನ ತಾಯಿ ಗಿರಿಜವ್ವನ ಫೋನು. ದನಿ ಸಕ್ಕರೆಯ ಹಾಗಿತ್ತು, ಅದಕ್ಕೇ ನನಗೆ ಭಯವಾಯಿತು. "ಅಕ್ಕಾರ, ನೀವು ನಡುವ ಕುಂತಿದ್ರಿ ಹೌದಲ್ರಿ?"

"ಯಾಕ್ರಿ? ಕುಂತಿದ್ದೆ. ಪೂರಾ ಮೂರ ತಾಸು ಕುಂತಿದ್ದೆ."

"ಅಲ್ಲ, ಅಂಗಿ ತೊಳಿಯಾಕ ತಗೊಂಡಿದ್ದೆ. ಕೊರಳಪಟ್ಟಿಗೆ ಕೆಂಪ ಹತ್ತೇತಿ. ಎಷ್ಟ ತಿಕ್ಕಿದ್ರೂ ಹೋಗವಲ್ದು. ಕೇಳಿದ್ರ ಹುಡುಗ ಬಾಯಿ ಬಿಡವಲ್ಲ. ನಾವೂ ಹರೇ ದಾಟಿ ಬಂದವರು, ಆದ್ರೂ ಶಾಸ್ತ್ರ ಆಗೂ ತನಕ…"

ನನ್ನ ಕಿವಿ ಬಿಸಿಯಾಯಿತು. ಮೊಮ್ಮಗಳ ತುಟಿಯ ಬಣ್ಣ ಎಂದುಕೊಂಡಿದ್ದಾಳೆ! ಅದೂ ನನ್ನನ್ನು ದಾಟಿ! "ಚುರುಮುರಿ ಚಟ್ನಿರಿ ಅದು" ಅಂದುಬಿಟ್ಟೆ. ಫೋನು ಇಟ್ಟ ಮೇಲೆ ಬೆವರು ಒರೆಸಿಕೊಂಡೆ, ಒಗೆದ ವಸ್ತ್ರದಿಂದ. ಸುಳ್ಳುಗಾರ ಬೇಡ ಎನ್ನುತ್ತಿದ್ದ ಹುಡುಗಿ ಪಕ್ಕದ ಕೋಣೆಯಲ್ಲೇ ಇದ್ದಳು.

ಶುಕ್ರವಾರದ ತನಕ ಮನೆಯಲ್ಲಿ ನಗುವಿಲ್ಲ. ಶಿಲ್ಪಾ ಅವನ ಫೋನು ಎತ್ತಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನನ್ನ ಸೊಸೆ ಹೋಳಿಗೆಗೆ ಬೇಳೆ ನೆನೆಹಾಕಲೋ ಬೇಡವೋ ಎಂದು ಎರಡು ಸಲ ಬಂದು ಕೇಳಿದಳು. "ನೆನಿಹಾಕು. ಮದುವಿ ಆಗಲಿಲ್ಲಂದ್ರ ನಾವ ತಿಂತೀವಿ" ಅಂದೆ. ಬಾಯಿ ಹಾಗೆ ಅಂದಿತು. ರಾತ್ರಿ ನನ್ನ ಪಾಲಿನ ರೊಟ್ಟಿ ಮಾತ್ರ ಎಮ್ಮೆಗೆ ಹೋಯಿತು.

ಶುಕ್ರವಾರ ಬೀಗರು ಬಂದು ಜಮಖಾನೆಯ ಮೇಲೆ ಕುಳಿತರು. ಗಿರಿಜವ್ವ ಬಂದವಳೇ ಅಡುಗೆಮನೆಗೆ ಇಣುಕಿ ಶಿಲ್ಪಾಳ ತುಟಿ ನೋಡಿದಳು. ತಾಟಿನಲ್ಲಿ ಕುಂಕುಮ, ಹೂವು, ಸೀರೆ ಎಲ್ಲ ಸಜ್ಜು. ಸೀರೆ ಉಟ್ಟು ನಿಂತ ಹುಡುಗಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನನ್ನನ್ನು ಕರೆದು, "ಅವರನ್ನ ಹಿತ್ತಲಕ್ಕ ಕರಿ. ಒಂದ ಮಾತ ಕೇಳತೇನಿ. ಸುಳ್ಳ ಹೇಳಿದ್ರ ನಾ ಹೊರಗ ಬರೂದಿಲ್ಲ" ಅಂದಳು. ಗಂಡನ್ನು ಕರೆದುಕೊಂಡು ಬಂದೆ. ಕಾವಲಿಗೆ ಮತ್ತೆ ನಾನೇ. ನನ್ನ ಚೀಲ ಹಿತ್ತಲ ಬಾಗಿಲ ಗೂಟಕ್ಕೆ ತೂಗುತ್ತಿತ್ತು.

"ಅವತ್ತ ನೀವು ಅತ್ತೀರೋ ಇಲ್ಲೋ?"

ಅವನು ಕಾಲ ಬೆರಳು ನೋಡುತ್ತಾ ನಿಂತ. "ಹೌದು ಅಂದುಬಿಡು ಅಂತ ನಮ್ಮ ಮನ್ಯಾಗ ಎಲ್ಲಾರೂ ಹೇಳಿ ಕಳಿಸ್ಯಾರ. ಹೌದಂದ್ರ ಸುಳ್ಳಾಗತೈತಿ. ನಾ ಅತ್ತಿಲ್ಲ."

"ಮತ್ತ ಆ ನೀರು ಎಲ್ಲಿಂದ ಬಂತು?"

"ಅದನ್ನ ನಾ ಹೇಳೂದಿಲ್ಲ." ಹೇಳುತ್ತಾ ಅವನ ಕಣ್ಣು ಗೂಟದ ಚೀಲದ ಮೇಲೆ ಹೋಗಿ, ನನ್ನ ಮೇಲೆ ಬಂದು, ನೆಲಕ್ಕೆ ಇಳಿಯಿತು.

"ಆತು ಬಿಡ್ರಿ" ಎಂದು ಶಿಲ್ಪಾ ಮುಡಿದ ಹೂವಿಗೆ ಕೈ ಹಾಕಿದಳು, ತೆಗೆಯಲು.

ಆಗ ನನಗೆ ತಿಳಿಯಿತು. ಅವನಿಗೆ ಮೊದಲಿನಿಂದಲೂ ಗೊತ್ತು. ಅಷ್ಟು ಮಂದಿ ನಕ್ಕಾಗಲೂ, ತಾಯಿ ಅಂಗಿ ಹಿಡಿದು ಕೇಳಿದಾಗಲೂ, ಈಗ ಮದುವೆ ಕೈತಪ್ಪುವಾಗಲೂ ನನ್ನ ಹೆಸರು ಹೇಳುತ್ತಿಲ್ಲ. ಚೀಲಕ್ಕೆ ಕೈ ಹಾಕಿ ಆ ವಸ್ತ್ರ ಎಳೆದು ಹುಡುಗಿಯ ಮೂಗಿಗೆ ಹಿಡಿದೆ. "ಮೂಸು!" ಅಂದೆ. ಸೀರೆ ಉಟ್ಟು ಸಿಂಗಾರವಾಗಿದ್ದ ಮದುಮಗಳು ಐದು ಸಲ ಸೀನಿದಳು. ಕಣ್ಣಲ್ಲಿ ನೀರು ಕಿತ್ತು ಬಂತು.

"ಇದನ್ನ ಕೊಟ್ಟಾಕಿ ನಾನು. ಬೈಯೂದಿದ್ರ ನನಗ ಬೈ."

ಅವಳು ಕಣ್ಣು ಉಜ್ಜುತ್ತಾ ಅವನನ್ನು ಕೇಳಿದಳು: "ನಿಮಗ ಗೊತ್ತಿತ್ತೇನು?"

"ಒರಿಸ್ಕೊಂಡ ಕೂಡ್ಲೆ ಗೊತ್ತಾತು. ಬಸ್ ಸ್ಟ್ಯಾಂಡಿನ್ಯಾಗ ಅಷ್ಟ ಮಂದಿ ಮುಂದ ಹಿರೇರ ಹೆಸರು ಹೆಂಗ ಹೇಳೂದು?"

ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ನನ್ನ ಮೊಮ್ಮಗಳು ನನ್ನ ಹಾಗೆಯೇ, ಹಿಡಿದದ್ದು ಬಿಡುವವಳಲ್ಲ. "ಅಂದ್ರ ಆ ಅಡಗಿಯಂವ ಮುಳುಗಿದಾಗ ನಿಮಗ ಏನೂ ಅನಿಸಲೇ ಇಲ್ಲ?" ದನಿ ಸಣ್ಣಗಾಗಿತ್ತು. ಒಳಗಿನಿಂದ ಗಿರಿಜವ್ವ "ಹೊತ್ತ ಮೀರತೈತ್ರಿ" ಎಂದು ಕೂಗಿದಳು. ನನ್ನ ಕೈಯಲ್ಲಿ ಆ ವಸ್ತ್ರ, ಇಬ್ಬರ ನಡುವೆ ಮತ್ತೆ ನಾನು.

ಅವನು ತಲೆ ಕೆರೆದುಕೊಂಡು, "ಅಂವಾ ಹೆಂಗ ಸತ್ತ?" ಎಂದು ಕೇಳಿದ.

"ಅಂದ್ರ?"

"ಕಡೀ ಹದಿನೈದ ನಿಮಿಷ ನಾ ಪಿಚ್ಚರ್ ನೋಡೇ ಇಲ್ಲ. ಕಣ್ಣ ತಗಿಯಾಕ ಬಂದ್ರ ತಾನ ನೋಡೂದು? ಸಪ್ಪಳಾ ಕೇಳಿ ಸತ್ತಾನ ಅಂದ್ಕೊಂಡೆ."

ಶಿಲ್ಪಾ ಬಾಯಿ ತೆರೆದು ನಿಂತಳು. "ನೋಡಲಾರದನ ಚಲೋ ಆತು ಅಂದ್ರಿ? ನೋಡಲಾರದನ ಅಷ್ಟು ಮಂದಿ ಮುಂದ ನನ್ನ ಜೋಡಿ ವಾದಾ ಮಾಡಿದ್ರಿ?"

"ಸೋಲಬಾರದು ಅಂತ ಮಾಡಿದೆ."

ಅವಳು ನಕ್ಕಳು. ಹಿತ್ತಲ ಗೋಡೆಗೆ ಆನಿಕೊಂಡು, ಸೀನುತ್ತಾ, ಕಣ್ಣು ಒರೆಸಿಕೊಳ್ಳುತ್ತಾ, ಅಡುಗೆಯವನ ಜೋಕಿಗೆ ನಕ್ಕದ್ದಕ್ಕಿಂತ ಹೆಚ್ಚು ನಕ್ಕಳು. ಈ ಸಲ ಅವನು "ತ್ಚ್" ಅನ್ನಲಿಲ್ಲ. ಇನ್ನೊಮ್ಮೆ ಹೋಗಿ ಕಡೆಯ ತನಕ ನೋಡಬೇಕು, ನೋಡಿದ ಮೇಲೆ ಬೇಕಾದ್ದು ಮಾತಾಡಬೇಕು ಎಂದು ಷರತ್ತು ಹಾಕಿ ಹೂವು ಸರಿಮಾಡಿಕೊಂಡು ಒಳಗೆ ನಡೆದಳು. ಮದುಮಗಳ ಮೂಗೂ ಕಣ್ಣೂ ಕೆಂಪಗಿದ್ದದ್ದು ಕಂಡು ಬೀಗರ ಕಡೆಯ ಹೆಂಗಸರು "ಪಾಪ, ತವರ ಬಿಡೂ ದುಃಖ" ಎಂದು ಮಾತಾಡಿಕೊಂಡರು. ನಾನು ಗಿರಿಜವ್ವನ ಮುಂದೆ ಆ ವಸ್ತ್ರವನ್ನು ಹರವಿ ಇದ್ದದ್ದನ್ನು ಹೇಳಿದೆ. ಅವಳು ನಗುವ ಮುಂಚೆ, "ಚುರುಮುರಿ ಚಟ್ನಿ ಅಂದಿದ್ರಲ್ರಿ ಅಕ್ಕಾರ?" ಅಂದಳು. ಜಮಖಾನೆಯ ಮೇಲಿದ್ದ ಅಷ್ಟೂ ಜನ ನನ್ನನ್ನು ನೋಡಿದರು. ತಾಟಿನ ಕುಂಕುಮಕ್ಕಿಂತ ಕೆಂಪಾಗಿದ್ದೆನಂತೆ.

ಹೋಳಿಗೆ ಎಲ್ಲ ಖಾಲಿಯಾದ ಮೇಲೆ ಪಾತ್ರೆ ತಿಕ್ಕುವಾಗ ಶಿಲ್ಪಾ ಕೇಳಿದಳು. "ಆಯಿ, ನಿನ್ನ ಚೀಲದಾಗ ಒಗದ ವಸ್ತ್ರಾನೂ ಇತ್ತಲ್ಲ. ಅದನ್ನ ಯಾಕ ಕೊಡಲಿಲ್ಲ?"

"ಕತ್ತಲಿತ್ತು. ಕಾಣಲಿಲ್ಲ" ಅಂದೆ.

ಆ ವಾರದ ಎರಡನೆಯ ಸುಳ್ಳು ಅದು. ಬಾಯಿ ತಪ್ಪಿ ಅಂದದ್ದೂ ಅಲ್ಲ. ಕೈಯ ಸ್ಪರ್ಶಕ್ಕೇ ನನಗೆ ಆ ಎರಡೂ ವಸ್ತ್ರ ತಿಳಿಯುತ್ತವೆ. ಒಗೆದ ವಸ್ತ್ರ ಚೀಲದಲ್ಲಿ ಇರಲೇ ಇಲ್ಲ. ರೋಬೋಟು ಮುಳುಗಿದ ಮೇಲೆ ನೀರೆಲ್ಲ ಸಮನಾಗಿ, ಆ ಅಡುಗೆಯವನ ಟಿಫಿನ್ ಕ್ಯಾರಿಯರ್ ಒಂದೇ ಮೇಲೆ ತೇಲಿ ಬಂತು. ಕೊಂಡಿ ತೆಗೆದಿರಲಿಲ್ಲ. ಹಾಕಿದ್ದು ಹಾಕಿದ ಹಾಗೆಯೇ ಇತ್ತು, ಯಾರ್ಡಿನಿಂದ ಮನೆಗೆ ಬಂದ ಆ ಬುತ್ತಿಯ ಗಂಟಿನ ಹಾಗೆ. ಅದಂತೂ ಆಮೇಲಿನ ಮಾತು; ಅವನು ಮುಳುಗುತ್ತಾನೆ ಎಂದು ಗೊತ್ತಾದಾಗಿನಿಂದಲೇ ಆ ಒಗೆದ ವಸ್ತ್ರ ನನ್ನ ಮುಷ್ಟಿಯಲ್ಲಿತ್ತು, ಹಿಂಡಿದರೆ ನೀರು ಇಳಿಯುವಷ್ಟು ಒದ್ದೆಯಾಗಿತ್ತು. ಗಂಡು ಕೈ ಚಾಚಿದಾಗ ಅದನ್ನು ಹೇಗೆ ಕೊಡಲಿ? ಸೆರಗಿನೊಳಗೆ ಅಡಗಿಸಿ, ಇನ್ನೊಂದನ್ನು ಕೊಟ್ಟೆ.

ಬರುವ ಭಾನುವಾರ ಮತ್ತೆ ರಾಣೆಬೆನ್ನೂರಿಗೆ ಹೊರಟಿದ್ದೇವೆ. ಈ ಸಲ ನಾನು ನಡುವೆ ಕೂರುವುದಿಲ್ಲ, ಗೋಡೆಯ ಕಡೆಯ ಕುರ್ಚಿ ನನಗಿರಲಿ ಅಂದಿದ್ದೇನೆ. ಶಿಲ್ಪಾ ನಾಚಿಕೊಂಡಳು. ಆಯಿ ತಮಗಾಗಿ ಜಾಗ ಬಿಟ್ಟಳು ಎಂದುಕೊಂಡಿದ್ದಾಳೆ. ಅಂದುಕೊಳ್ಳಲಿ. ಚೀಲ ಬದಲಿಸಿದ್ದೇನೆ, ಒಗೆದ ವಸ್ತ್ರ ಮೂರು ಇಟ್ಟುಕೊಂಡಿದ್ದೇನೆ. ಯಾರಾದರೂ ಕೇಳಿದರೆ ಸೆಕೆ ಎಂದು ಹೇಳುವವಳಿದ್ದೇನೆ.